ನಡೆದದ್ದು ಹೀಗೆಯೇ?

ತಪಸ್ಸುಕಾಲ ಬಂತೆಂದರೆ ಕೆಲವು ಧರ್ಮಕೇಂದ್ರಗಳಲ್ಲಿ ಮೆಲ್ ಗಿಬ್ಸನ್ನರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಮತ್ತೆ ತೆರೆ ಕಾಣುತ್ತದೆ. 2004ರ ವಿಭೂತಿ ಬುಧವಾರದಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರವಿದು. ನೋಡಿ ಮೆಚ್ಚಿದವರ ಮಾತು ಒಂದೇ: “ನಡೆದದ್ದು ಹೀಗೆಯೇ.” ಈ ಮಾತೇ ನಮ್ಮನ್ನು ಚಿಂತೆಗೀಡುಮಾಡಿದೆ.

ಕೊರಡೆಯೇಟಿನ ದೃಶ್ಯ ನಿಮಿಷಗಟ್ಟಲೆ ಸಾಗುತ್ತದೆ. ಯೊವಾನ್ನರು ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಪಿಲಾತನ ಪತ್ನಿ ಮಾತೆ ಮರಿಯಮ್ಮನವರಿಗೆ ಬಿಳಿವಸ್ತ್ರ ನೀಡುವ ಪ್ರಸಂಗ ಯಾವ ಶುಭಸಂದೇಶದಲ್ಲಿಯೂ ಇಲ್ಲ. ಅದು ಜರ್ಮನ್ ಸನ್ಯಾಸಿನಿ ಪುನೀತೆ ಆನ್ ಕ್ಯಾಥರಿನ್ ಎಮ್ಮೆರಿಕರದೆಂದು 1833ರಲ್ಲಿ ಪ್ರಕಟವಾದ ದರ್ಶನಗಳಿಂದ ಬಂದದ್ದು. ಶಿಲುಬೆಹಾದಿಯ ವೆರೋನಿಕಳೂ ಶುಭಸಂದೇಶಗಳಲ್ಲಿಲ್ಲವಲ್ಲ ಎಂದು ಓದುಗರು ಕೇಳಿಯಾರು. ನಿಜ. ಆದರೆ ಪರಂಪರೆಯನ್ನು ನಾವು ಪರಂಪರೆಯೆಂದೇ ಬಲ್ಲೆವು; ಸಿನಿಮಾವನ್ನಾದರೋ ಸಾಕ್ಷ್ಯವೆಂದು ನಂಬತೊಡಗಿದ್ದೇವೆ.

ಯೆಹೂದ್ಯರನ್ನು ಶಪಿಸುತ್ತ ಹೊರಬರುವ ಪ್ರೇಕ್ಷಕರನ್ನೂ ನಾವು ಕಂಡಿದ್ದೇವೆ. ಯೇಸುಸ್ವಾಮಿಯ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ದೀಪ ಆರಿಸುವ ಮುನ್ನ ಆ ಪುಟವನ್ನು ಗುರುಗಳು ಒಮ್ಮೆ ಓದಿಸಲಿ. ಐದು ನಿಮಿಷವೂ ಹಿಡಿಯದು.