ಮನೆಯ ಗಣಕಯಂತ್ರವೂ ಅದರ ಬೀಗದ ಕೈಯೂ

ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ಊರನ್ನು ಬಿಟ್ಟು ಹೋಗುವ ಹೆಣ್ಣುಮಕ್ಕಳು ನಮ್ಮ ಸೀಮೆಯಲ್ಲಿ ಈಗ ಅಪರೂಪವಲ್ಲ. ನನ್ನಿವಾಳದಲ್ಲಿ ಹುಟ್ಟಿದವಳು ಬೆಂಗಳೂರಿನ ವಸತಿಗೃಹದಲ್ಲಿ ಕುಳಿತು, ಸುಮಾರು 200 ಕಿಲೋಮೀಟರು ದೂರದ ತನ್ನ ಮನೆಯ ಗಣಕಯಂತ್ರದಿಂದ ಬೇಕಾದ ಕಡತವನ್ನು ಕ್ಷಣಮಾತ್ರದಲ್ಲಿ ತರಿಸಿಕೊಳ್ಳಬಲ್ಲಳು. ತಂದೆಯ ಪಹಣಿಯ ಪ್ರತಿ, ಶೇಂಗಾ ಮಾರಿದ ಲೆಕ್ಕ, ತಮ್ಮನ ಅಂಕಪಟ್ಟಿ, ಮನೆಮಂದಿಯ ಭಾವಚಿತ್ರಗಳು, ಮೊಳಕಾಲ್ಮೂರಿನ ನೇಕಾರರ ಮನೆಯಾದರೆ ಸೀರೆಯಂಚಿನ ನಕ್ಷೆಗಳು, ಇವೆಲ್ಲವೂ ಆ ಯಂತ್ರದೊಳಗೆ ಇರತಕ್ಕವು. ಈ ಅನುಕೂಲವು ಗ್ರಾಹ್ಯವೋ ತ್ಯಾಜ್ಯವೋ ಎಂಬುದೇ ನಾವು ಇಲ್ಲಿ ವಿಚಾರಿಸಬೇಕೆಂದಿರುವ ವಿಷಯ.

ಗ್ರಾಹ್ಯವೆಂದೇ ನಮ್ಮ ಅಭಿಪ್ರಾಯ. ಆದರೆ ದೂರದಿಂದ ನಾವು ಪ್ರವೇಶಿಸುವ ಬಾಗಿಲಿನಿಂದಲೇ ಅನ್ಯರೂ ಪ್ರವೇಶಿಸಬಹುದೆಂಬುದನ್ನು ಮರೆಯಲಾಗದು. ಈ ಅಪಾಯವು ಮೂರು ದಿಕ್ಕುಗಳಿಂದ ಬರುತ್ತದೆ.

ಮೊದಲನೆಯದು ಬೀದಿಯ ಕಡೆಯದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೂ ವಿಂಡೋಸ್ ಯಂತ್ರಗಳಲ್ಲಿ ರಿಮೋಟ್ ಡೆಸ್ಕ್‌ಟಾಪ್ ಎಂಬ ಸೌಲಭ್ಯವುಂಟು. ಅದರ ರೂಢಿಯ ದ್ವಾರಸಂಖ್ಯೆ 3389. ಇದನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಟ್ಟರೆ, ಜಗತ್ತಿನ ಯಾವ ಮೂಲೆಯಿಂದಲಾದರೂ ಕಳ್ಳಯಂತ್ರಗಳು ಹಗಲಿರುಳೆನ್ನದೆ ಅದನ್ನು ತಟ್ಟಿ ನೋಡುತ್ತವೆ. ನಮ್ಮದು ಸಣ್ಣ ಊರು, ನಮ್ಮನ್ನು ಕೇಳುವರಾರು ಎಂಬ ಸಮಾಧಾನವು ಇಲ್ಲಿ ಸಲ್ಲದು. ತಟ್ಟುವ ಯಂತ್ರಕ್ಕೆ ಊರಿನ ಹೆಸರು ಬೇಕಾಗಿಲ್ಲ. 2019ರ ಮೇ ತಿಂಗಳಲ್ಲಿ ಇದೇ ಸೌಲಭ್ಯದಲ್ಲಿ ಬ್ಲೂಕೀಪ್ ಎಂಬ ದೋಷವು ಬಯಲಾದಾಗ, ಗುಪ್ತಪದವೇ ಇಲ್ಲದೆ ಹೊಕ್ಕಬಹುದಾದಷ್ಟು ಅದು ಘೋರವಾಗಿದ್ದುದರಿಂದ, ಮೈಕ್ರೋಸಾಫ್ಟ್ ಸಂಸ್ಥೆಯು ತಾನು ಕೈಬಿಟ್ಟಿದ್ದ ಹಳೆಯ ಎಕ್ಸ್‌ಪಿಗೂ ತೇಪೆಯನ್ನು ಒದಗಿಸಬೇಕಾಯಿತು. 2021ರ ಜೂನ್ ತಿಂಗಳಲ್ಲಿ ಮೈ ಬುಕ್ ಲೈವ್ ಎಂಬ, ಮನೆಗಳಲ್ಲಿಡುವ ಕಡತಪೆಟ್ಟಿಗೆಗಳು ಲೋಕದ ನಾನಾ ಕಡೆಗಳಲ್ಲಿ ದೂರದಿಂದಲೇ ಅಳಿಸಲ್ಪಟ್ಟು, ವರುಷಗಟ್ಟಲೆ ಕೂಡಿಟ್ಟ ಚಿತ್ರಗಳು ಬರಿದಾದವು. ಅವಕ್ಕೆ 2015ರಿಂದೀಚೆಗೆ ತೇಪೆಗಳೇ ಬಂದಿರಲಿಲ್ಲ.

ಎರಡನೆಯದು, ನಾವೇ ಕರೆದು ಒಳಗೆ ಕೂರಿಸಿಕೊಳ್ಳುವ ಅತಿಥಿಯ ಅಪಾಯ. ಬ್ಯಾಂಕಿನವರೆಂದು ಹೇಳಿಕೊಂಡು ಯಾರೋ ದೂರವಾಣಿಯಲ್ಲಿ ಮಾತನಾಡುತ್ತಾರೆ. ಒಂದು ತಂತ್ರಾಂಶವನ್ನು ಹಾಕಿಕೊಳ್ಳಲು ಹೇಳುತ್ತಾರೆ. ಅದರಲ್ಲಿ ಮೂಡುವ ಸಂಖ್ಯೆಯನ್ನು ಕೇಳುತ್ತಾರೆ. ಸಂಖ್ಯೆಯನ್ನು ಹೇಳಿ ಅನುಮತಿಗಳನ್ನೂ ಒತ್ತಿದೆವೆಂದರೆ ಪರದೆಯು ಅವರ ವಶವಾಯಿತು. ಎನಿಡೆಸ್ಕ್ ಎಂಬ ತಂತ್ರಾಂಶವನ್ನು ಹೀಗೆ ದುರುಪಯೋಗಪಡಿಸುತ್ತಿರುವರೆಂದು ಭಾರತೀಯ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿಯೇ ಎಚ್ಚರಿಸಿತು. ದೋಷವು ತಂತ್ರಾಂಶದ್ದಲ್ಲ, ಕೊಡಲಿಯಿಂದ ಕಟ್ಟಿಗೆಯನ್ನೂ ಸೀಳಬಹುದು, ಬಾಗಿಲನ್ನೂ ಒಡೆಯಬಹುದು.

ಮೂರನೆಯದರ ವಿಷಯದಲ್ಲಿ ಜನರು ಮಾತನಾಡುವುದು ಕಡಮೆ. ಆದಕಾರಣ ನಾವು ಸ್ಪಷ್ಟವಾಗಿ ಹೇಳುವೆವು. ಯಂತ್ರವನ್ನು ಸಜ್ಜುಗೊಳಿಸಿ ಕೊಟ್ಟ ಅಂಗಡಿಯವನಾಗಲಿ ಬಂಧುವಾಗಲಿ ಗುಪ್ತಪದವನ್ನು ತನ್ನಲ್ಲಿಯೇ ಉಳಿಸಿಕೊಂಡರೆ, ಮನೆಯವರು ಎದುರಿಗಿಲ್ಲದಾಗಲೂ ಒಳಬರುವ ಹಕ್ಕು ಅವನಿಗೆ ಉಳಿಯುತ್ತದೆ. ಅವನು ಕಡತಗಳನ್ನು ಓದಬಹುದು, ಭಾವಚಿತ್ರಗಳನ್ನು ನಕಲಿಸಿಕೊಳ್ಳಬಹುದು. ಹಣ ಹೋದರೆ ದುಡಿದು ತರಬಹುದು. ಹೆಣ್ಣುಮಗಳೊಬ್ಬಳ ಚಿತ್ರವು ಕಂಡವರ ಕೈಸೇರಿದರೆ ಅದನ್ನು ಹಿಂದಕ್ಕೆ ತರುವುದು ದುಸ್ಸಾಧ್ಯ. ಯಜಮಾನರ ಒಪ್ಪಿಗೆಯಿಲ್ಲದೆ ಗಣಕಯಂತ್ರವನ್ನು ಹೊಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ವಿಧಿಗೆ ವಿರುದ್ಧ. ಅದನ್ನು ದುರುದ್ದೇಶದಿಂದ ಮಾಡಿದರೆ 66ನೆಯ ವಿಧಿಯಂತೆ 3 ವರುಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಇಷ್ಟನ್ನು ಕೇಳಿದ ಹಿರಿಯರು, ಹಾಗಾದರೆ ಹೆಣ್ಣುಮಕ್ಕಳಿಗೆ ಈ ಗೊಡವೆಯೇ ಬೇಡವೆನ್ನಬಹುದು. ಇದನ್ನು ನಾವು ಒಪ್ಪೆವು. ಕೀಲಿಕೈಯ ಬಳಕೆಯನ್ನು ಅರಿಯದವಳು ಪರರ ಕೈಯಲ್ಲಿ ಕೀಲಿಯನ್ನು ಕೊಡಲೇಬೇಕಾಗುತ್ತದೆ, ಅಜ್ಞಾನವು ರಕ್ಷೆಯಲ್ಲ. ಮತ್ತೆ ಕೆಲವರು, ಎಲ್ಲವನ್ನೂ ದೊಡ್ಡ ಕಂಪನಿಗಳ ಉಗ್ರಾಣದಲ್ಲಿಟ್ಟರೆ ಸಾಕೆನ್ನುವರು. ಬೀದಿಗೆ ತೆರೆದಿಟ್ಟ ಯಂತ್ರಕ್ಕಿಂತ ಅದು ಭದ್ರವೆಂಬುದೇನೋ ನಿಜ. ಆದರೂ ಅಲ್ಲಿಯೂ ಕೀಲಿಯು ನಮ್ಮ ಗುಪ್ತಪದವೇ.

ನಮ್ಮ ಚಳ್ಳಕೆರೆ ಸೀಮೆಯಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಯು ದನಗಳನ್ನು ಮೇವಿಗೆ ಬಿಡದೆ ಇರುವುದಿಲ್ಲ. ರೊಪ್ಪದ ಬಾಯನ್ನು ತೆರೆದಿಟ್ಟು ಮಲಗುವುದೂ ಇಲ್ಲ. ಆ ವಿವೇಕವೇ ಇಲ್ಲಿಯೂ ಸಾಕು. ಇಡೀ ಯಂತ್ರವನ್ನು ತೆರೆಯದೆ, ಬೇಕಾದ ಒಂದೇ ಕಡತಕೋಶವನ್ನು ತೆರೆಯತಕ್ಕದ್ದು. ಬೀದಿಗೆ ದ್ವಾರವನ್ನಿಡದೆ, ವಿ.ಪಿ.ಎನ್. ಎಂಬ ಗುಪ್ತಮಾರ್ಗದಿಂದ ಬರತಕ್ಕದ್ದು. ಗುಪ್ತಪದವು ಉದ್ದವಾಗಿರಲಿ, ಬೇರೆಲ್ಲಿಯೂ ಬಳಸದುದಾಗಿರಲಿ, ಅದರ ಜೊತೆಗೆ ಎರಡನೆಯ ಹಂತದ ಪರೀಕ್ಷೆಯೂ ಇರಲಿ. ತೇಪೆಗಳು ಬಂದಂದೇ ಹಾಕಿಸಬೇಕು. ಅನ್ಯರು ಸಜ್ಜುಗೊಳಿಸಿದ ಯಂತ್ರದ ಗುಪ್ತಪದವನ್ನು ಅಂದೇ ಬದಲಿಸಬೇಕು. ಮುಖ್ಯ ಕಡತಗಳ ಪ್ರತಿಯೊಂದನ್ನು ಯಂತ್ರಕ್ಕೆ ತಗುಲಿಸದೆ ಪೆಟ್ಟಿಗೆಯಲ್ಲಿಡಬೇಕು. ವಿದ್ಯುತ್ತು ನಿಂತರೆ ಯಾವ ದೂರಪ್ರವೇಶವೂ ನಡೆಯದಾದುದರಿಂದ, ನಾಳಿನ ಸಂದರ್ಶನಕ್ಕೆ ಬೇಕಾದುದನ್ನು ಇಂದೇ ಕೈಯಲ್ಲಿ ಒಯ್ಯುವುದು ಲೇಸು. ವಂಚನೆಯಿಂದ ಹಣ ಹೋದಲ್ಲಿ ಲಜ್ಜೆಪಟ್ಟು ಕೂರದೆ 1930 ಎಂಬ ಸಂಖ್ಯೆಗೆ ಕೂಡಲೇ ತಿಳಿಸಬೇಕು. ತಡವಾದಷ್ಟೂ ಹಣವು ಕೈಗೆಟುಕದಂತಾಗುವುದು.

ಪ್ರಿಯ ಸೋದರಿಯರೇ, ನಿಮ್ಮ ಮನೆಗಳಲ್ಲಿ ಈ ಯಂತ್ರವನ್ನು ಬಲ್ಲವರು ಬಹುಶಃ ನೀವೇ. ತಾಯಿತಂದೆಯರ ಪತ್ರಗಳೂ ಒಡಹುಟ್ಟಿದವರ ಮಾನವೂ ನಿಮ್ಮ ಎಚ್ಚರಿಕೆಯನ್ನು ನಂಬಿರುವುವು. ಈ ರಜೆಯಲ್ಲಿ ಊರಿಗೆ ಹೋದಾಗ, ನಿಮ್ಮ ಮನೆಯ ಯಂತ್ರಕ್ಕೆ ಎಷ್ಟು ಬಾಗಿಲುಗಳಿವೆ, ಅವುಗಳ ಕೈ ಯಾರಲ್ಲಿದೆ ಎಂಬುದನ್ನು ಒಮ್ಮೆ ಎಣಿಸಿ ನೋಡಿರಿ.