ಒಬ್ಬರ ಶುಗರ್ ಇನ್ನೊಬ್ಬರದ್ದಲ್ಲ

ಜಯನಗರದ ಲಕ್ಷ್ಮಣರಾವ್ ಉದ್ಯಾನದಲ್ಲಿ ಬೆಳಗಿನ ವಾಕಿಂಗ್ ಮುಗಿಸಿದ ಹಿರಿಯರು ಬೆಂಚಿಗೆ ಬಂದು ಕೂತರೆಂದರೆ ಮೊದಲು ಮಳೆಯ ಮಾತು, ಆಮೇಲೆ ಮಕ್ಕಳ ಮಾತು, ಕೊನೆಗೆ ಶುಗರ್. ‘ಮೂರು ತಿಂಗಳದ್ದು ಮಾಡಿಸಿದ್ರಾ? ಎಷ್ಟು ಬಂತು?’ ಎಂದು ಒಬ್ಬರು ಕೇಳುತ್ತಾರೆ. ಆರೂವರೆ ಬಂದವರು ಗಟ್ಟಿಯಾಗಿ ಹೇಳುತ್ತಾರೆ. ಎಂಟು ದಾಟಿದವರ ದನಿ ತಗ್ಗುತ್ತದೆ. ಅಷ್ಟು ಸಾಕು, ಸಲಹೆಗಳು ಶುರು. ಅನ್ನ ಬಿಟ್ಟು ಮುದ್ದೆ ಹಿಡಿಯಿರಿ. ಮೆಂತ್ಯ ನೆನೆಹಾಕಿ ಕುಡಿಯಿರಿ. ನಮ್ಮ ಮನೆಯ ಕುಂಡದಲ್ಲಿ ಇನ್ಸುಲಿನ್ ಗಿಡ ಇದೆ, ದಿನಾ ಎರಡು ಎಲೆ ಅಗಿಯಿರಿ. ಇಂಜೆಕ್ಷನ್ ಮಾತ್ರ ಬೇಡ, ಒಮ್ಮೆ ಹಿಡಿದರೆ ಬಿಡೋಕಾಗಲ್ಲ. ಹೀಗೆ ನಾಲ್ಕು ದಿನ ಕೇಳಿಸಿಕೊಂಡವರು ಐದನೆಯ ದಿನ ಬೇರೆ ಬೆಂಚು ಹುಡುಕುತ್ತಾರೆ.

ಸಲಹೆ ಕೊಟ್ಟವರ ಮನಸ್ಸು ಕೆಟ್ಟದ್ದಲ್ಲ. ಆದರೆ ಒಳ್ಳೆಯ ಮನಸ್ಸಿನ ಮಾತೇ ಕಾಯಿಲೆಯವರನ್ನು ಒಂಟಿಯಾಗಿಸುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾದಾಗ ಸಿಕ್ಕ ಅಂದಾಜು ಹೀಗಿತ್ತು: ಮಧುಮೇಹ ಇರುವವರು 10.1 ಕೋಟಿ, ಅದರ ಹೊಸ್ತಿಲಲ್ಲಿರುವವರು 13.6 ಕೋಟಿ. ಇಷ್ಟು ಜನರ ಕಾಯಿಲೆಗೆ ಹೆಸರು ಒಂದೇ ಇರಬಹುದು, ಕಾಯಿಲೆ ಒಂದೇ ಅಲ್ಲ.

ಮುದ್ದೆಯ ಮಾತನ್ನೇ ತೆಗೆದುಕೊಳ್ಳಿ. ರಾಗಿ ಒಳ್ಳೆಯ ಧಾನ್ಯ, ಅನುಮಾನವೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಕಾರ್ಬೋಹೈಡ್ರೇಟ್ ಸುಮಾರು 67 ಗ್ರಾಂ ಇದೆ, ಅಕ್ಕಿಯಲ್ಲಿ 78. ಎರಡು ದೊಡ್ಡ ಮುದ್ದೆ ಉಂಡವರ ಶುಗರ್ ಒಂದು ಬಟ್ಟಲು ಅನ್ನ ಉಂಡವರದ್ದಕ್ಕಿಂತ ಮೇಲೇರಿದರೆ ಆಶ್ಚರ್ಯವಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿಯಂತೂ ಇನ್ನೂ ಬೇಗ ಏರಿಸುತ್ತದೆ. ಒಬ್ಬರಿಗೆ ಹಿಡಿಸಿದ ಊಟ ಪಕ್ಕದವರಿಗೂ ಹಿಡಿಸಲೇಬೇಕೆಂಬ ಹಟದಲ್ಲಿ ಎಷ್ಟೋ ಸ್ನೇಹ ಮುರಿದಿವೆ.

ಸಂಖ್ಯೆಗಳ ಕಥೆಯೂ ಇದೇ. ಬೆಂಚಿನಲ್ಲಿ ಕೇಳಿದ ಆ ಮೂರು ತಿಂಗಳ ಸಂಖ್ಯೆ, ಅಂದರೆ ಎಚ್‌ಬಿಎ1ಸಿ ಏಳರೊಳಗೆ ಇರಲಿ ಎಂಬುದು ಹೆಚ್ಚಿನ ವಯಸ್ಕರಿಗೆ ವೈದ್ಯರು ಇಡುವ ಗುರಿ. ಆದರೆ ಹೃದಯ, ಮೂತ್ರಪಿಂಡದ ತೊಂದರೆಯೂ ಇರುವ ಎಂಬತ್ತರ ಅಜ್ಜಿಗೆ ಎಂಟರವರೆಗೂ ಬಿಡುತ್ತಾರೆ. ಆ ವಯಸ್ಸಿನಲ್ಲಿ ಶುಗರ್ ದಿಢೀರನೆ ಇಳಿದು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು ಹೆಚ್ಚು ಅಪಾಯ. ಅಜ್ಜಿಯ ಎಂಟು ಸೋಲಲ್ಲ.

ಎಲ್ಲಕ್ಕಿಂತ ಕಳವಳದ ವಿಷಯ ಮಕ್ಕಳದ್ದು. ಬನಶಂಕರಿಯಲ್ಲಿರುವ ಸರ್ಕಾರಿ ಸಂಸ್ಥೆ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿಯಂಥ ಜಾಗದಲ್ಲಿ, ಜೆ.ಪಿ. ನಗರದ ಜ್ಞಾನ ಸಂಜೀವಿನಿಯಂಥ ಆಸ್ಪತ್ರೆಯಲ್ಲಿ, ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದ ಅಜ್ಜನ ಪಕ್ಕದಲ್ಲೇ ಟೈಪ್ 1 ಮಧುಮೇಹದ ಒಂಬತ್ತು ವರ್ಷದ ಹುಡುಗಿ ಕೂತಿರಬಹುದು. ‘ಅಯ್ಯೋ, ಇಷ್ಟು ಚಿಕ್ಕವಳಿಗೆ ಶುಗರ್ರಾ? ಚಾಕೊಲೇಟ್ ಜಾಸ್ತಿ ಕೊಟ್ರೇನಮ್ಮಾ?’ ಎಂದು ಅಜ್ಜ ಕರುಣೆಯಿಂದಲೇ ಕೇಳುತ್ತಾರೆ. ತಾಯಿಯ ಕಣ್ಣು ತುಂಬುತ್ತದೆ. ಆ ಮಗುವಿನ ಕಾಯಿಲೆಗೂ ಚಾಕೊಲೇಟಿಗೂ ಸಂಬಂಧವೇ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡಿರುತ್ತದೆ. ಎಲೆಯಾಗಲಿ ಕಷಾಯವಾಗಲಿ ಅವನ್ನು ವಾಪಸು ತರಲಾರವು. ಯಾರದೋ ಮಾತು ನಂಬಿ ಇಂಜೆಕ್ಷನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಹದಿನಾಲ್ಕರ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳು ಬದುಕುತ್ತಿದ್ದುದೇ ಅಪರೂಪ.

ಇಂಜೆಕ್ಷನ್ ಎಂದರೆ ಕೊನೆಯ ಘಟ್ಟ ಎನ್ನುವವರು ಕ್ರಿಕೆಟಿಗ ವಾಸಿಂ ಅಕ್ರಂ ಅವರನ್ನು ನೆನೆಯಬೇಕು. ಮೂವತ್ತರ ಆಸುಪಾಸಿನಲ್ಲಿ ಟೈಪ್ 1 ಪತ್ತೆಯಾದ ಮೇಲೂ ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಬೌಲಿಂಗ್ ಮಾಡಿ, 2003ರ ವಿಶ್ವಕಪ್‌ನಲ್ಲಿ ಏಕದಿನ ಕ್ರಿಕೆಟ್‌ನ 500ನೇ ವಿಕೆಟ್ ಪಡೆದವರು ಅವರು.

ದುಡ್ಡಿನ ಅಂತರವೂ ಸಣ್ಣದಲ್ಲ. ತೋಳಿಗೆ ಸೆನ್ಸರ್ ಅಂಟಿಸಿಕೊಂಡ ಬಿಟಿಎಂ ಲೇಔಟಿನ ಸಾಫ್ಟ್‌ವೇರ್ ಹುಡುಗ ಐದೈದು ನಿಮಿಷಕ್ಕೂ ಫೋನಿನಲ್ಲಿ ಶುಗರ್ ನೋಡಬಲ್ಲ. ಅದೇ ಕಟ್ಟಡದಲ್ಲಿ ಪಾತ್ರೆ ತೊಳೆಯುವ ಹೆಂಗಸಿಗೆ ಒಂದೊಂದು ಸ್ಟ್ರಿಪ್ಪೂ ಲೆಕ್ಕದ್ದು. ‘ದಿನಕ್ಕೆ ನಾಲ್ಕು ಸಲ ಚೆಕ್ ಮಾಡಿ’, ‘ಇನ್ಸುಲಿನ್ ಫ್ರಿಜ್ಜಲ್ಲಿಡಿ’ ಎಂದು ಆಕೆಗೆ ಹೇಳುವುದು ಸುಲಭ. ಫ್ರಿಜ್ಜೇ ಇಲ್ಲದ ಮನೆಯಲ್ಲಿ ಹಸಿ ಮರಳು ತುಂಬಿದ ಮಡಕೆಯೊಳಗೆ ಇನ್ನೊಂದು ಮಡಕೆ ಇಟ್ಟು ಇನ್ಸುಲಿನ್ ತಂಪಾಗಿಡಬಹುದು, ಬಳಕೆಗೆ ತೆಗೆದ ಬಾಟಲಿ ಬಿಸಿಲು ತಾಕದಿದ್ದರೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ಇರಬಹುದು. ಆಕೆಗೆ ಬೇಕಾದ ಮಾತು ಇದು.

ಜಯನಗರದ ಐದನೇ ಬ್ಲಾಕಿನ ರಾಯರ ಮಠಕ್ಕೆ ಹೋಗುವವರಲ್ಲಿ ಏಕಾದಶಿಗೆ ನೀರೂ ಮುಟ್ಟದವರಿದ್ದಾರೆ. ಅಲ್ಲಿಂದ ಸ್ವಲ್ಪ ದೂರದ ತಿಲಕನಗರದಲ್ಲಿ ರಂಜಾನ್ ತಿಂಗಳಿಡೀ ರೋಜಾ ಹಿಡಿಯುವವರಿದ್ದಾರೆ. ಗ್ಲಿಮೆಪಿರೈಡ್ ಮಾತ್ರೆ ನುಂಗುವವರು ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ಕುಸಿಯುವ ಭಯ ಇಬ್ಬರಿಗೂ ಒಂದೇ. ರಂಜಾನ್ ಉಪವಾಸಕ್ಕಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ರೂಪಿಸಿದ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಶುಗರ್ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು, ಪರೀಕ್ಷೆಗೆ ಬೆರಳು ಚುಚ್ಚಿದರೆ ವ್ರತ ಕೆಡುವುದಿಲ್ಲ. ಈ ತಿಳಿವಳಿಕೆ ಏಕಾದಶಿಯವರಿಗೂ ಬೇಕಾದದ್ದೇ. ಮಾತ್ರೆಯ ಹೊತ್ತು, ಪ್ರಮಾಣ ಬದಲಿಸುವುದನ್ನು ಇಬ್ಬರೂ ಮುಂಚಿತವಾಗಿಯೇ ವೈದ್ಯರ ಬಳಿ ಕೇಳಬೇಕು. ಮಠದ ಅಜ್ಜನೂ ತಿಲಕನಗರದ ಚಾಚಾನೂ ಒಂದೇ ಬೆಂಚಿನಲ್ಲಿ ಕೂತು ಈ ಮಾತಾಡಿಕೊಂಡರೆ ಇಬ್ಬರಿಗೂ ಲಾಭ.

ಹಾಗಾಗಿ ಉದ್ಯಾನದ ಬೆಂಚಿನಲ್ಲಿ ಮಾತು ನಿಲ್ಲುವುದು ಬೇಡ, ಅದರ ಬಗೆ ಬದಲಾಗಲಿ. ‘ನೀವು ಹೀಗೆ ಮಾಡಿ’ ಎನ್ನುವ ಬದಲು ‘ನನಗೆ ಹೀಗಾಯಿತು’ ಎನ್ನಲಿ. ಔಷಧದ ಪ್ರಮಾಣ ವೈದ್ಯರಿಗೇ ಬಿಟ್ಟಿರಲಿ. ಎಂಟು ದಾಟಿದವರನ್ನು ಮೊದಲು ‘ರಾತ್ರಿ ನಿದ್ದೆ ಬರ್ತಿದೆಯಾ, ಮನೆಯಲ್ಲಿ ಎಲ್ಲಾ ಸರಿ ಇದೆಯಾ?’ ಎಂದು ಕೇಳಲಿ. ಪಕ್ಕದವರು ಇದ್ದಕ್ಕಿದ್ದಂತೆ ಬೆವತು, ಕೈ ನಡುಗಿ, ಮಾತು ತೊದಲಿದರೆ ಅದು ಶುಗರ್ ಇಳಿದ ಗುರುತು ಇರಬಹುದು. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ನಾಳೆ ವಾಕಿಂಗಿಗೆ ಹೊರಡುವ ಪ್ರತಿಯೊಬ್ಬರ ಜೇಬಿನಲ್ಲೂ ಗ್ಲೂಕೋಸ್ ಪುಡಿಯ ಒಂದು ಪೊಟ್ಟಣ ಇರಲಿ, ತಮಗೆ ಶುಗರ್ ಇಲ್ಲದಿದ್ದರೂ.