ಕಬ್ಬಿನ ಬಿಲ್ಲು, ಪರದೇಶದ ಫೀಸು

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಹಗಲು ರಾತ್ರಿ ರಸ್ತೆಯಲ್ಲಿ ಕೂತದ್ದು ಟನ್ ಕಬ್ಬಿಗೆ 3,500 ರೂಪಾಯಿ ಬೇಕೆಂದು. ಕೊನೆಗೆ ಮಾತು 3,300ಕ್ಕೆ ಇತ್ಯರ್ಥವಾಯಿತು. ಅದೇ ದರ ಹಿಡಿದು ಇನ್ನೊಂದು ಲೆಕ್ಕ ಮಾಡೋಣ. ಜರ್ಮನಿಗೆ ಎಂಎಸ್ ಓದಲು ಹೊರಟವರು ಮೊದಲ ವರ್ಷದ ಊಟ, ವಸತಿಯ ಖರ್ಚೆಂದು 11,904 ಯೂರೊ ಮುಂಗಡವಾಗಿ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಕಟ್ಟಿಡಬೇಕು. ಯೂರೊಗೆ ನೂರು ರೂಪಾಯಿ ಅಂದರೂ ಹನ್ನೆರಡು ಲಕ್ಷ, ಅಂದರೆ ಹತ್ತಿರ ಹತ್ತಿರ 360 ಟನ್ ಕಬ್ಬು. ಎಕರೆಗೆ ನಲವತ್ತು ಟನ್ ಬಂದರೆ ಒಂಬತ್ತು ಎಕರೆಯ ಪೂರಾ ಬಿಲ್ಲು. ಗೊಬ್ಬರ, ಆಳು, ಸೊಸೈಟಿ ಕಡಿತ ಇದರಲ್ಲಿ ಕಳೆದಿಲ್ಲ. ಮೇಲಾಗಿ ಈ ಹಣ ಬೇಕಾಗುವುದು ಜುಲೈ, ಆಗಸ್ಟ್‌ನಲ್ಲಿ. ಹಿಂದಿನ ಹಂಗಾಮಿನ ದುಡ್ಡು ಅಷ್ಟರಲ್ಲಿ ಮುಗಿದಿರುತ್ತದೆ, ಕಾರ್ಖಾನೆ ಮತ್ತೆ ಶುರುವಾಗುವುದು ದೀಪಾವಳಿ ಸುಮಾರಿಗೆ.

ಇದು ಅಗ್ಗದ ದಾರಿಯ ಲೆಕ್ಕ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಅಮೆರಿಕ, ಇಂಗ್ಲೆಂಡ್ ಎಂದರೆ ಕಬ್ಬಿನಲ್ಲಿ ಎಣಿಸುವ ಮಾತೇ ಬೇಡ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲ್ಲೂಕುಗಳ ರೈತನಿಗೆ ಆಸ್ತಿ ಇಲ್ಲವೆಂದಲ್ಲ. ಘಟಪ್ರಭೆಯ ಕಾಲುವೆ ನೀರುಣ್ಣುವ ಹೊಲಕ್ಕೆ ಮಾರ್ಕೆಟ್ಟಿನಲ್ಲಿ ಭಾರೀ ಬೆಲೆಯೇ ಇದೆ. ಆದರೆ ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡವು ಕೇಳುತ್ತವೆ. ಅಪ್ಪ ಉತಾರ ತೆಗೆಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೋಗಿ ಮೇಜಿನ ಮೇಲೆ ಬಿಡಿಸುತ್ತಾನೆ. “ಹೊಲ ನಡಿಯಂಗಿಲ್ರಿ ಕಾಕಾ. ಎನ್‌ಎ ಪ್ಲಾಟ್ ಐತೇನ್ರಿ? ಇಲ್ಲಾ, ಊರಾಗ ಮನಿ?” ಎಂಬ ಉತ್ತರ ಬರುತ್ತದೆ. ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿಗೆ ಬಲ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಹೊಲ ಹರಾಜಾಗದಿರಲಿ ಎಂದು ಇಟ್ಟ ಕಲಮು ಅದು, ಒಳ್ಳೆಯದೇ. ಆದರೆ ಮಗಳ ಅಡ್ಮಿಶನ್ ಲೆಟರ್ ಕೈಯಲ್ಲಿ ಹಿಡಿದವನಿಗೆ ಅದೇ ಅಡ್ಡಗಾಲು. ಅಲ್ಲಿಂದ ಎದ್ದವನು ಗೋಕಾಕದಲ್ಲಿ ಮನೆ ಕಟ್ಟಿಸಿದ ಭಾವನ ಬಳಿ ಹೋಗಬೇಕು, ಇಲ್ಲವೇ ಹೆಚ್ಚಿನ ಬಡ್ಡಿಗೆ ಪತ್ತಿನ ಸಂಘದ ಮೆಟ್ಟಿಲು ಹತ್ತಬೇಕು. ವಿಮಾನ ಹತ್ತುವುದು ಒಬ್ಬರೇ. ಕಾಗದಕ್ಕೆ ಸಹಿ ಹಾಕುವುದು ಎರಡು ಮೂರು ಮನೆಯವರು. ಇಪ್ಪತ್ತು ಲಕ್ಷ ಸಾಲ ಎತ್ತಿದರೆ, ಶೇ 10ರ ಬಡ್ಡಿ ಎಂದರೂ ವರ್ಷಕ್ಕೆ ಎರಡು ಲಕ್ಷ. ಎರಡು ವರ್ಷದ ಓದು, ಮೇಲೊಂದು ವರ್ಷದ ರಿಯಾಯಿತಿ ಮುಗಿದು ಮೊದಲ ಕಂತು ಬರುವ ಹೊತ್ತಿಗೆ ಆರು ಲಕ್ಷ ಏರಿರುತ್ತದೆ.

ಹಾಗಂತ ಹೋಗುವುದೇ ತಪ್ಪು ಎನ್ನಲು ಈ ಸೀಮೆಯವರಿಗೆ ಬಾಯಿ ಬರಬಾರದು. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆಗಿ ಬಂದವರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಧಾರವಾಡದ ಆ ಕ್ಯಾಂಪಸ್ ಕಟ್ಟಿದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಅವರ ಹೆಸರಿನ ಫೆಲೋಶಿಪ್ ಕರ್ನಾಟಕದವರನ್ನು ಅದೇ ಕಾಲೇಜಿಗೆ ಕೆಲವು ತಿಂಗಳ ಮಟ್ಟಿಗೆ ಕಳಿಸುತ್ತ ಬಂದಿದೆ. ಧಾರವಾಡದ ನಾ.ಸು. ಹರ್ಡೀಕರ್ ಅಮೆರಿಕದ ಮಿಷಿಗನ್‌ನಲ್ಲಿ ಓದಿ, ಲಾಲಾ ಲಜಪತ ರಾಯ್ ಜೊತೆ ದುಡಿದು ಮರಳಿದರು. 1923ರಲ್ಲಿ ಸೇವಾದಳ ಕಟ್ಟಿದ ಅವರ ಕೊನೆಯ ದಶಕಗಳು ಘಟಪ್ರಭಾದ ಆರೋಗ್ಯಧಾಮಕ್ಕೆ ಸಂದವು. ಹೊರಗೆ ಹೋದವರಿಂದ ಊರಿಗೆ ಏನು ಬಂತು ಎಂದು ಕೇಳುವವರು ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು ನೋಡಬಹುದು.

ಆದರೆ ಇಬ್ಬರೂ ನೂರು ವರ್ಷದ ಹಿಂದಿನವರು. ಆಗ ಪರದೇಶದ ಪದವಿ ಹೊತ್ತು ಬಂದವರಿಗೆ ಇಲ್ಲಿ ಕುರ್ಚಿ ಕಾದಿರುತ್ತಿತ್ತು, ಏಕೆಂದರೆ ಅಂಥವರು ಬೆರಳೆಣಿಕೆ. ಹೋಗಿ ಸೋತು ಬಂದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಇಂದು ಪರದೇಶದ ಡಿಗ್ರಿಯ ಬೆಲೆ ನಿಂತಿರುವುದು ಅಲ್ಲಿಯೇ ಕೆಲಸ ಸಿಗುವುದರ ಮೇಲೆ, ಮತ್ತು ಆ ಬಾಗಿಲಿನ ಚಿಲಕ ಬೇರೆಯವರ ಕೈಯಲ್ಲಿದೆ. ಕೆನಡಾ 2024ರ ಜನವರಿಯಿಂದ, ಕೈಯಲ್ಲಿದೆಯೆಂದು ತೋರಿಸಬೇಕಾದ ಹಣವನ್ನು 10,000 ಡಾಲರ್‌ನಿಂದ 20,635ಕ್ಕೆ ಏರಿಸಿತು, ಸ್ಟಡಿ ಪರ್ಮಿಟ್‌ಗಳಿಗೆ ಮಿತಿಯನ್ನೂ ಹಾಕಿತು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಸಾಲ ಮಾಡುವಾಗಿನ ಕಾನೂನು ಸಾಲ ತೀರಿಸುವಾಗ ಇರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಜರ್ಮನಿ ಸದ್ಯಕ್ಕೆ ಉಲ್ಟಾ ದಿಕ್ಕಿನಲ್ಲಿದೆ: ಓದುತ್ತ ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಬಿಡುತ್ತದೆ, ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳು ಕೊಡುತ್ತದೆ. ಆದರೆ ಜರ್ಮನ್ ಭಾಷೆ ಬಾರದೆ ಒಳ್ಳೆಯ ಕೆಲಸ ಕಷ್ಟ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್‌ಗೆ ಹೆಣಗಿ ಒಗ್ಗಿಕೊಂಡ ನಮ್ಮ ಮಕ್ಕಳು ಇನ್ನೊಂದು ಭಾಷೆಗೆ ಅಂಜುವುದಿಲ್ಲ ಎಂಬುದು ನನ್ನ ಅನುಭವ. ಅಂಜುವವರು ಹೆಚ್ಚಾಗಿ ಕಾನ್ವೆಂಟಿನವರೇ.

ಮೆಡಿಕಲ್ ಮಾತ್ರ ಬೇರೆ ಕಥೆ, ಅಲ್ಲಿ ನನ್ನ ತಕ್ಕಡಿ ಬೇಡ ಎನ್ನುವ ಕಡೆಗೆ ವಾಲುತ್ತದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕೀವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಮೆಡಿಕಲ್ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು. ಅಂಥವರು ಹೋಗುವುದು ಮೋಜಿಗಲ್ಲ. ಇಲ್ಲಿ ಸರ್ಕಾರಿ ಸೀಟು ಕೈ ತಪ್ಪಿ, ಖಾಸಗಿ ಸೀಟಿನ ದರ ಕೈಗೆಟುಕದೆ. ಆದರೂ ಹೊರಗೆ ಎಂಬಿಬಿಎಸ್ ಮುಗಿಸಿ ಬಂದವರು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ ಈಚೆಗೆ ತೇರ್ಗಡೆಯಾಗುತ್ತಿರುವವರು ಶೇ 20–30ರ ಆಸುಪಾಸು. ಸೀಟು ಕೊಡಿಸುವ ಏಜೆಂಟರ ಪಾಂಪ್ಲೆಟ್ಟಿನಲ್ಲಿ ಹಿಮ, ಚರ್ಚು, ಇಂಡಿಯನ್ ಮೆಸ್ಸು ಎಲ್ಲ ಇರುತ್ತವೆ, ಈ ಅಂಕಿ ಇರುವುದಿಲ್ಲ.

ಎರಡು ಮೂರು ತಿಂಗಳ ಇಂಟರ್ನ್‌ಶಿಪ್ಪಿನ ವಿಷಯ ಚಿಕ್ಕದು. ಜರ್ಮನಿಯ ಡಾಡ್ ಸಂಸ್ಥೆಯ ‘ವೈಸ್’, ಕೆನಡಾದ ‘ಮೈಟಾಕ್ಸ್ ಗ್ಲೋಬಲಿಂಕ್’ ಇಂಥವು ವಿದ್ಯಾರ್ಥಿಗೇ ಹಣ ಕೊಟ್ಟು ಕರೆಸಿಕೊಳ್ಳುತ್ತವೆ. ಸಿಕ್ಕರೆ ಕಣ್ಣು ಮುಚ್ಚಿ ಹೋಗಬೇಕು, ಆದರೆ ಆಯ್ಕೆಯಲ್ಲಿ ದೊಡ್ಡ ಸಂಸ್ಥೆಗಳದೇ ಮೇಲುಗೈ. ವಿದ್ಯಾರ್ಥಿಯಿಂದಲೇ ಲಕ್ಷಗಟ್ಟಲೆ ವಸೂಲಿ ಮಾಡಿ ಸರ್ಟಿಫಿಕೇಟ್ ಕೊಡುವವು ಪ್ರವಾಸದ ಪ್ಯಾಕೇಜುಗಳು, ಅಷ್ಟೇ. ಕೆಲಸ ಕಲಿಯುವುದೇ ಗುರಿಯಾದರೆ, ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನ ಹುಡುಗನಿಗೆ ಹುಕ್ಕೇರಿ ತಾಲ್ಲೂಕಿನಲ್ಲೇ, ಹೆದ್ದಾರಿ ಬದಿಯ ಹತ್ತರಗಿಯಲ್ಲಿ ಏಕಸ್ ಎಸ್‌ಇಜೆಡ್ ಇದೆ. ಏರ್‌ಬಸ್ ವಿಮಾನದ ಬಿಡಿಭಾಗಗಳು ಅಲ್ಲಿ ತಯಾರಾಗುತ್ತವೆ. ಬೆಳಗಾವಿಯ ಕೆಎಲ್ಇಯಲ್ಲಿ 2010ರಿಂದ ಮಲೇಷ್ಯಾದ ಮಕ್ಕಳು ತಮ್ಮ ಯುಎಸ್‌ಎಂ ವಿಶ್ವವಿದ್ಯಾಲಯದ ಎಂಡಿ ಪದವಿಗೆ ಓದುತ್ತಿದ್ದಾರೆ. ಪರದೇಶದಿಂದ ನಮ್ಮ ಜಿಲ್ಲೆಗೇ ಕಲಿಯಲು ಬರುವವರಿದ್ದಾರೆ ಎಂಬುದನ್ನು ಗೋಕಾಕದ ಪಾಲಕರು ನಂಬುವುದು ಕಷ್ಟ!

ಸರ್ಕಾರದ ನೆರವಿಲ್ಲವೆಂದಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಇಡೀ ದೇಶಕ್ಕೆ 125 ಸ್ಥಾನ, ಅದರಲ್ಲಿ ಭೂಹೀನ ಕೃಷಿ ಕೂಲಿಗಳು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ನಾಲ್ಕು. ಸಿಕ್ಕವರ ಮನೆಯವರು ಯಾರ ಮನೆಯನ್ನೂ ಅಡವಿಡಬೇಕಾಗಿಲ್ಲ. ಆದರೆ ನಾಲ್ಕು ಎಂಬ ಸಂಖ್ಯೆ ಈ ಮೂರು ತಾಲ್ಲೂಕಿಗೂ ಸಾಲದು.

ಸಾಲದ ಮೇಲೆಯೇ ಹೋಗುವ ಗಂಡುಹುಡುಗ ಕೇಳಿದರೆ, ಎರಡು ವರ್ಷ ಹತ್ತರಗಿಯಲ್ಲೋ ಪುಣೆಯಲ್ಲೋ ದುಡಿದು, ಜರ್ಮನ್ ಕಲಿತು, ಖರ್ಚಿನ ಒಂದಷ್ಟಾದರೂ ಕೈಯಲ್ಲಿಟ್ಟುಕೊಂಡು ಹೋಗು ಎನ್ನುತ್ತೇನೆ. ಭಾವನ ಮನೆ ಉಳಿಯುತ್ತದೆ. ಹುಡುಗಿಗೆ ಆ ಮಾತು ಹೇಳಲಾರೆ. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದರೆ, ಕೆಲಸಕ್ಕೆ ಹೋಗುತ್ತಿದ್ದರೂ, ಮೊದಲ ದೀಪಾವಳಿಗೆ ಬಯೋಡಾಟಾ ಹೊರಡುತ್ತದೆ, ಎರಡನೆಯದಕ್ಕೆ ಮುಹೂರ್ತ. ಅಡ್ಮಿಶನ್ ಸರ್ಕಾರಿ ವಿಶ್ವವಿದ್ಯಾಲಯದ್ದಾಗಿದ್ದರೆ, ಅಪ್ಪ ಸಹಿ ಹಾಕಲು ಸಿದ್ಧನಿದ್ದರೆ, ಬಡ್ಡಿಯ ಲೆಕ್ಕ ಬಾಯಿಪಾಠವಾಗಿದ್ದರೂ ಅವಳು ಈ ವರ್ಷವೇ ಹೊರಡಲಿ.